ಸೋಮವಾರದ ಜೀಪು

ನಮ್ಮ ಜೀಪು ಫೋರ್ ವ್ಹೀಲ್ ಡ್ರೈವ್ ಅನ್ನುವುದು ಹೇಳಿಕೊಳ್ಳುವುದಕ್ಕೆ ಮಾತ್ರ. ಎಂಜಿನ್ನಿನ ಶಕ್ತಿಯನ್ನು ಮುಂದಿನ ಎರಡು ಗಾಲಿಗಳಿಗೆ ಒಯ್ಯುವ ಕಬ್ಬಿಣದ ಶಾಫ್ಟು, ನಾವು ಜೀಪು ಕೊಂಡ ಎರಡನೆಯ ವರ್ಷವೇ ಮುರಿದಿತ್ತು. ಡ್ರೈವರ್ ಚಾಚಾ ಅದನ್ನು ಬಿಚ್ಚಿ, ಗೋಣಿತಟ್ಟಿನಲ್ಲಿ ಸುತ್ತಿ ಹಿಂದಿನ ಸೀಟಿನ ಕೆಳಗೆ ಇಟ್ಟರು. "ಇವತ್ತಿಲ್ಲಾ ನಾಳಿ ಹಾಕ್ಸೂಣ್ರಿ ಬಾಯಾರ" ಅಂದರು. ಆ ನಾಳೆ ಆರು ವರ್ಷವಾದರೂ ಬರಲಿಲ್ಲ. ತಗ್ಗು ಬಂದಾಗಲೆಲ್ಲ ಸೀಟಿನ ಕೆಳಗಿನಿಂದ ಟಣ್ ಎಂದು ಅದು ತಾನು ಇನ್ನೂ ಇದ್ದೇನೆಂದು ಹೇಳುತ್ತಿತ್ತು. ನಾನು ಕೇಳಿಸಿಕೊಳ್ಳದಂತೆ ಕುಳಿತಿರುತ್ತಿದ್ದೆ.

ಆಗ ನಾನು ನವಲಗುಂದದಲ್ಲಿ ಡಾಕ್ಟರಾಗಿದ್ದೆ. ಸರಕಾರಿ ಡಾಕ್ಟರಲ್ಲ, ಮನೆಯ ಮುಂದಿನ ಪಡಸಾಲೆಯಲ್ಲಿ ನಾಲ್ಕು ಮಂಚ ಹಾಕಿಕೊಂಡು ಸ್ವಂತ ದವಾಖಾನೆ ನಡೆಸಿದ್ದು. ಗಂಡ ಅಲ್ಲಿಯ ಹೈಸ್ಕೂಲಿನಲ್ಲಿ ಮಾಸ್ತರು. ಸುತ್ತಲಿನ ಹಳ್ಳಿಗಳಿಗೆಲ್ಲ ಹೆರಿಗೆಗೆ ಹೆಣ್ಣು ಡಾಕ್ಟರು ಅಂದರೆ ನಾನೊಬ್ಬಳೇ. ಹಾಗಾಗಿ ಮಿಲಿಟರಿಯವರು ಹರಾಜಿಗೆ ಹಾಕಿದ ಹಳೆಯ ಜೀಪೊಂದನ್ನು ಕೊಂಡೆವು. ಸ್ಟೇರಿಂಗು ಎಡಗಡೆ, ಮೇಲೆ ಹರಿದ ಕ್ಯಾನ್ವಾಸು, ಬಾಗಿಲೇ ಇಲ್ಲ. ಅದನ್ನು ಓಡಿಸಲು ಯಮನೂರಿನ ಚಾಚಾ ಬಂದರು. ಅವರಿಗಾಗಲೇ ಐವತ್ತು ದಾಟಿತ್ತು. ಮೊದಲ ದಿನ ಜೀಪಿನ ಸುತ್ತ ಒಂದು ಸುತ್ತು ಹಾಕಿ, "ಗಾಡಿಗೆ ವಯಸ್ಸಾಗೇತಿ, ನನಗೂ ಆಗೇತಿ, ಜೋಡಿ ಬರೋಬ್ಬರಿ ಆತ್ರಿ" ಅಂದಿದ್ದರು.

ನಮ್ಮ ಕಡೆಯ ಎರೆ ಮಣ್ಣನ್ನು ನೋಡದವರಿಗೆ ಅದನ್ನು ಹೇಳಿ ತಿಳಿಸುವುದು ಕಷ್ಟ. ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು ಬಿಡುವ ನೆಲವೇ ಎರಡು ಮಳೆಗೆ ನಾದಿಟ್ಟ ಹಿಟ್ಟಾಗುತ್ತದೆ. ಚಪ್ಪಲಿ ಹಾಕಿಕೊಂಡರೆ ಚಪ್ಪಲಿ ಅಲ್ಲೇ ಉಳಿಯುತ್ತದೆ. ಬರಿಗಾಲಲ್ಲಿ ಹೋದರೆ ನಾಲ್ಕು ಹೆಜ್ಜೆಗೆ ಒಂದೊಂದು ಕಾಲೂ ಸೇರು ತೂಗುತ್ತದೆ. ಜೀಪಿನ ಗಾಲಿಗೆ ಮಣ್ಣು ಮೆತ್ತಿ ಮೆತ್ತಿ, ಕೊನೆಗೆ ಗಾಲಿಯೂ ಮಡ್‌ಗಾರ್ಡೂ ಒಂದೇ ಆಗಿ ಸುತ್ತುವುದನ್ನೇ ನಿಲ್ಲಿಸುತ್ತಿತ್ತು. ಆಗ ಚಾಚಾ ಇಳಿದು ಕಬ್ಬಿಣದ ಸಲಾಕೆಯಿಂದ ಮಣ್ಣು ಕೆರೆಯುವರು. ಹತ್ತು ಮಾರು ಹೋಗುವುದು, ಮತ್ತೆ ಕೆರೆಯುವುದು.

ಅದಕ್ಕೆ ಹಳ್ಳಿಯವರು ತಮ್ಮದೇ ಉಪಾಯ ಕಂಡುಕೊಂಡಿದ್ದರು. ಮಳೆಗಾಲದಲ್ಲಿ ನನ್ನನ್ನು ಕರೆಯಲು ಬಂದವನು ಬೇನೆ ಯಾವಾಗ ಶುರುವಾಯಿತು, ಚೊಚ್ಚಲವೋ ಎರಡನೆಯದೋ ಎಂದು ಹೇಳುವ ಮೊದಲು "ಎತ್ತು ನಿಂತಾವ್ರಿ" ಅನ್ನುತ್ತಿದ್ದ. ಅಂದರೆ ಡಾಂಬರು ಮುಗಿದು ಹೊಲದ ದಾರಿ ಹಿಡಿಯುವಲ್ಲಿ ಅವರ ಊರಿನ ಎರಡು ಜೋಡಿ ಎತ್ತು ಹಗ್ಗ ಸಮೇತ ಕಾದಿವೆ ಎಂದು ಅರ್ಥ. ಹಗ್ಗವನ್ನು ಜೀಪಿನ ಮೂತಿಗೆ ಕಟ್ಟಿದರೆ ಮುಗಿಯಿತು. ಚಾಚಾ ಸ್ಟೇರಿಂಗು ಹಿಡಿದು ಕೂಡುವರು, ನಾನು ಔಷಧದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂಡುವೆ, ಎತ್ತಿನವನು ಮುಂದೆ ನಡೆಯುತ್ತ "ಹೋಯ್ ಹೋಯ್" ಅನ್ನುವನು. ಹತ್ತು ಮೈಲಿ ಪೆಟ್ರೋಲಿನ ಮೇಲೆ, ಎರಡು ಮೈಲಿ ಎತ್ತು ತಿಂದ ಕಣಿಕೆಯ ಮೇಲೆ. ನಮ್ಮ ಜೀಪಿಗೆ ನಾಲ್ಕು ಗಾಲಿಯಲ್ಲ, ನಾಲ್ಕು ಎತ್ತಿನ ಡ್ರೈವು ಎಂದು ನನ್ನ ಗಂಡ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು. ಮೊದಮೊದಲು ನಾನೂ ನಕ್ಕೆ. ಆರು ವರ್ಷ ಅದೇ ಮಾತು ಕೇಳಿದರೆ ಯಾರಿಗೆ ನಗು ಬರುತ್ತದೆ?

ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನಗೆ ಯಾವುದಕ್ಕೂ ನಗು ಬರುತ್ತಿರಲಿಲ್ಲ. ದಣಿದಿದ್ದೆ. ಮಲಗಿ ಎದ್ದರೆ ಹೋಗುವ ದಣಿವಲ್ಲ ಅದು. ಎದ್ದ ಕೂಡಲೇ ಹಾಸಿಗೆಯ ಅಂಚಿನಲ್ಲಿ ಕಾದು ಕುಳಿತಿರುವಂಥದ್ದು. ಜೀಪಿನ ಕುಲುಕಾಟಕ್ಕೆ ಸೊಂಟ ಹಿಡಿದುಕೊಂಡಿತ್ತು. ಸಿಟ್ಟಂತೂ ಮೂಗಿನ ತುದಿಯಲ್ಲೇ. "ಇಷ್ಟ ತಡಾ ಮಾಡಿ ಕರದ್ರ ನಾ ಏನ್ ಮಂತ್ರಾ ಹಾಕ್ಲಿ?" ಎಂದು ನಾನು ಬೈಯದ ಮನೆಯಿರಲಿಲ್ಲ. ಜನ ತಲೆ ತಗ್ಗಿಸಿ ಬೈಸಿಕೊಂಡು, ಆಮೇಲೆ ಚಹಾ ಕೊಡುತ್ತಿದ್ದರು.

ವಾರದಲ್ಲಿ ಒಂದು ದಿನ ಮಾತ್ರ ಮಳೆಗಾಲದಲ್ಲೂ ನನ್ನದಾಗಿತ್ತು. ಸೋಮವಾರ. ಅದೇನೋ, ಮಳೆಗಾಲದ ಸೋಮವಾರ ಹಳ್ಳಿಯಿಂದ ಯಾರೂ ಬರುತ್ತಿರಲಿಲ್ಲ. ಅವತ್ತು ನಾನು ಎಣ್ಣೆ ಹಚ್ಚಿಕೊಂಡು ತಲೆಗೆ ಎರೆದುಕೊಳ್ಳುತ್ತಿದ್ದೆ, ಕೂದಲು ಹರವಿಕೊಂಡು ಹಿತ್ತಲ ಕಟ್ಟೆಯ ಮೇಲೆ ಕೂಡುತ್ತಿದ್ದೆ. ಇದು ನನ್ನ ಅದೃಷ್ಟ ಎಂದುಕೊಂಡಿದ್ದೆ. ಕೂಸುಗಳಿಗೂ ನನ್ನ ಮೇಲೆ ಕನಿಕರ ಎಂದು ಗಂಡನಿಗೆ ಹೇಳಿದ್ದೂ ಉಂಟು.

ಪೆಟ್ರೋಲು ಒಮ್ಮೆಲೇ ದುಬಾರಿಯಾಯಿತಲ್ಲ, ಅದರ ಮರುವರ್ಷದ ಬೇಸಿಗೆಯಲ್ಲಿ ಜೀಪು ಅಣ್ಣಿಗೇರಿ ರಸ್ತೆಯಲ್ಲಿ ಹೊಗೆ ಉಗುಳಿ ನಿಂತುಬಿಟ್ಟಿತು. ಲಾರಿಗೆ ಕಟ್ಟಿ ಹುಬ್ಬಳ್ಳಿಯ ಗ್ಯಾರೇಜಿಗೆ ಒಯ್ದೆವು. ಅಲ್ಲಿಯ ಮಿಸ್ತ್ರಿ ಬಾನೆಟ್ಟು ಎತ್ತಿ ನೋಡಿ, ಹೆಣ್ಣು ನೋಡಲು ಬಂದವರ ಹಾಗೆ ಮೂಗು ಮುರಿದ. ಸದ್ಯಕ್ಕೆ ನಡೆಯುವ ಹಾಗೆ ಮಾಡಿಕೊಟ್ಟ. ಆದರೆ ಮಳೆಗಾಲ ದಾಟಬೇಕಾದರೆ ಪೆಟ್ರೋಲ್ ಎಂಜಿನ್ನು ತೆಗೆದು ಡೀಸೆಲ್ ಎಂಜಿನ್ನು ಕೂಡಿಸಬೇಕು, ಮುಂದಿನ ಶಾಫ್ಟು ಹೊಸದು ಹಾಕಬೇಕು, ದಪ್ಪ ಹಲ್ಲಿನ ಟೈರು ಬೇಕು ಎಂದ. "ಮಾಡ್ಸಿದ್ರ ಆನಿ ಆಗತೈತ್ರಿ ಇದು. ಮತ್ತ ನೀವು ಯಾವ ಎತ್ತಿನ ಬಾಲಾ ಹಿಡ್ಯೂದು ಬ್ಯಾಡ."

ಮನೆಯಲ್ಲಿ ಗಂಡ ಬೇರೆಯೇ ಲೆಕ್ಕ ಹಾಕಿದ್ದರು. "ಮಾರ್ಬಿಡು ಅತ್ಲಾಗ," ಅಂದರು. "ಬೇಕಾದವ್ರು ಬಸ್ಸಿನ್ಯಾಗ ಬರ್ತಾರ, ಚಕ್ಕಡ್ಯಾಗ ಬರ್ತಾರ. ನೀ ಮನ್ಯಾಗ ಕೂತು ನೋಡು. ನಿನ್ನ ಸೊಂಟಕ್ಕ ಯಾವ ಮಿಸ್ತ್ರಿ ಹೊಸಾ ಶಾಫ್ಟ್ ಹಾಕ್ತಾನ?"

ಚಾಚಾನನ್ನು ಕೇಳಿದರೆ, ಎಂಜಿನ್ನು ಮುಟ್ಟಬೇಡಿ ಎಂದರು. ಡೀಸೆಲ್ ಎಂಜಿನ್ನು ಭಾರ. ಮೂತಿ ಭಾರವಾದರೆ ಎರೆಯಲ್ಲಿ ಮೂಗಿನ ತನಕ ಹುಗಿಯುತ್ತದೆ. "ಈ ನೆಲದಾಗ ಹಗೂರ ಇದ್ದದ್ದ ದಾಟತೈತಿ ನೋಡ್ರಿ. ಮುಂದಿನ ಗಾಲಿಗೆ ಜೀವಾ ತುಂಬ್ರಿ, ಸಾಕು." ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ, ಒಬ್ಬೊಬ್ಬರದು ಒಂದೊಂದು ಕಡೆ. ನಡುವೆ ನಾನು.

ಯಾರಿಗೂ ಹೇಳದ ಮಾತೊಂದನ್ನು ಈಗ ಹೇಳುತ್ತೇನೆ. ಆ ಜೀಪು ಮತ್ತೆ ಏಳದ ಹಾಗೆ ಕೆಟ್ಟುಹೋಗಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡಿದ್ದೆ. ಕರೆಯಲು ಬಂದವರಿಗೆ "ಬರೂದಿಲ್ಲ" ಎಂದು ಹೇಳುವ ಧೈರ್ಯ ನನಗಿರಲಿಲ್ಲ. "ಜೀಪಿಲ್ಲಪ್ಪಾ, ಏನ್ ಮಾಡ್ಲಿ" ಎಂದು ಹೇಳುವುದು ಸುಲಭ. ರಿಪೇರಿಯ ಮಾತು ಬಂದಾಗಲೆಲ್ಲ ನಾನು ಮುಂದೂಡುತ್ತ ಬಂದದ್ದು ಅದಕ್ಕೇ. ಕೊನೆಗೆ ಗಂಡನಿಗೆ ಹೂಂ ಅಂದೆ. ಅಣ್ಣಿಗೇರಿಯ ಕಾಳಿನ ದಲಾಲರೊಬ್ಬರು ಜೀಪು ಹುಡುಕುತ್ತಿದ್ದರು. ಅವರಿಗೆ ಬಂದು ನೋಡಿ ಎಂದು ಹೇಳಿ ಕಳಿಸಿದೆವು. ಒಂದೆರಡು ಮಳೆ ಆಗಲೇ ಬಿದ್ದಿತ್ತು. ಯಾವ ದಿನ ಎಂದು ಕೇಳಿದಾಗ ಸೋಮವಾರ ಎಂದೆ. ಅವತ್ತು ಯಾರ ಕಾಟವೂ ಇರುವುದಿಲ್ಲವಲ್ಲ.

ಚಾಚಾಗೆ ಹೇಳಿದ್ದು ಹಿಂದಿನ ದಿನ. ಅವರು "ಹೌದ್ರಿ?" ಎಂದರು, ಅಷ್ಟೇ. ಮರುದಿನ ಬೆಳಿಗ್ಗೆ ನೋಡಿದರೆ ಜೀಪನ್ನು ತೊಳೆದು ಒರೆಸಿ, ಕನ್ನಡಿಗೆ ಸುಣ್ಣದ ಪುಡಿ ಹಚ್ಚಿ ಮಿರಮಿರ ಮಿಂಚಿಸಿ ನಿಲ್ಲಿಸಿದ್ದರು. ಮಗಳನ್ನು ಕಳಿಸಿಕೊಡುವವರಂತೆ ಪಕ್ಕದಲ್ಲಿ ನಿಂತಿದ್ದರು. ನನಗೆ ಅವರ ಮುಖ ನೋಡಲಾಗಲಿಲ್ಲ.

ದಲಾಲರು ಬಂದು ಟೈರು ಒದ್ದು ನೋಡುತ್ತಿರುವಾಗಲೇ ಸೂಲಗಿತ್ತಿ ಆಯಿ ಬಂದಳು. ಮೊರಬ ದಾಟಿ ಎರಡು ಮೈಲಿ ಒಳಗಿರುವ ಹಳ್ಳಿ ಅವಳದು. ನಾನು ಹೊಸದಾಗಿ ಬಂದಾಗ ನಮ್ಮಿಬ್ಬರಿಗೆ ಎಣ್ಣೆ ಸೀಗೆಕಾಯಿ. ಹೊಕ್ಕುಳಬಳ್ಳಿ ಕೊಯ್ಯುವ ಅವಳ ಕುಡುಗೋಲನ್ನು ನಾನು ಬಿಸಾಡಿದ್ದೆ, ಅವಳು ನನ್ನನ್ನು "ಪುಸ್ತಕಾ ಓದಿ ಹೆರಿಗಿ ಮಾಡಾಕಿ" ಎಂದು ಊರಲ್ಲೆಲ್ಲ ಆಡಿಕೊಂಡಿದ್ದಳು. ಆಮೇಲೆ ಹೇಗೋ ಹೊಂದಿಕೊಂಡೆವು. ಬ್ಲೇಡು ಕುದಿಸುವುದನ್ನು ನಾನು ಕಲಿಸಿದೆ. ಹೊಟ್ಟೆಯ ಮೇಲೆ ಕೈಯಿಟ್ಟ ಮಾತ್ರಕ್ಕೆ ಕೂಸು ಅಡ್ಡ ಮಲಗಿದೆಯೋ ಇಲ್ಲವೋ ಹೇಳುವುದನ್ನು ಅವಳಿಂದ ಕಲಿತೆ. ಅವತ್ತು ಅವಳು ಸೀರೆ ಮೊಳಕಾಲ ತನಕ ಎತ್ತಿ ಕಟ್ಟಿದ್ದಳು, ಕಾಲಿಗೆಲ್ಲ ಕರಿ ಮಣ್ಣು. ಒಳಗೆ ಬರದೆ ಮೆಟ್ಟಿಲ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚತೊಡಗಿದಳು.

"ಗಾಡಿ ಮಾರಾಕತ್ತೀರಂತ?" ಅಂದಳು.

"ಯಾರ್ ಹೇಳಿದ್ರು?"

"ಯಾರರ ಯಾಕ್ ಹೇಳ್ಬೇಕ್ರಿ, ಮುಂದ ನಿಂತೈತಲ್ಲಾ." ಎಲೆ ಬಾಯಿಗೆ ಹಾಕಿಕೊಂಡಳು. "ನನ್ನ ಮಗಳು ಮತ್ತ ಬಸರ ಆಗ್ಯಾಳ್ರಿ ಬಾಯಾರ. ಇನ್ನ ಮೂರ್ ತಿಂಗಳಿಗೆ, ಉತ್ತರಿ ಮಳಿಗಿ ದಿನಾ ತುಂಬತಾವು. ನೀವು ಮಾರ್ತೀರಿ ಅಂದ್ರ ಅಕೀನ್ನ ಈಗ ಹುಬ್ಬಳ್ಳ್ಯಾಗ ನಮ್ಮವರ ಮನ್ಯಾಗ ಬಿಟ್ಟ ಬರ್ತೀನಿ. ಅದನ್ನ ಕೇಳ್ಕೊಂಡ ಹೋಗಾಕ ಬಂದೆ."

ಅವಳ ಮಗಳು ನನಗೆ ನೆನಪಿದ್ದಳು. ಎರಡು ವರ್ಷದ ಹಿಂದೆ, ಇಂಥದೇ ಮಳೆಯಲ್ಲಿ, ಒಂದು ಮಂಗಳವಾರ ಬೆಳಿಗ್ಗೆ ನನ್ನನ್ನು ಕರೆದಿದ್ದರು. ನಾನು ಹೋಗುವಷ್ಟರಲ್ಲಿ ಕೂಸು ಹೊಟ್ಟೆಯಲ್ಲೇ ಸತ್ತಿತ್ತು. ತಾಯಿಯನ್ನು ಉಳಿಸಿಕೊಳ್ಳುವುದೇ ಸಾಕುಸಾಕಾಗಿತ್ತು. ಅವತ್ತು ನಾನು ಕೈ ತೊಳೆಯುತ್ತ ಈ ಆಯಿಗೇ, ಸೂಲಗಿತ್ತಿಯಾಗಿಯೂ ನಿನಗೆ ಬುದ್ಧಿ ಬೇಡವೇ, ಯಾಕೆ ತಡ ಮಾಡಿದೆ ಎಂದು ಊರವರ ಮುಂದೆ ಉಗಿದಿದ್ದೆ. ಅವಳು ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು.

ಅದೇ ಮಾತನ್ನು ಈಗ ಮತ್ತೆ ಎತ್ತಿದೆ. "ಈ ಸಲಾನೂ ಹಂಗ ತಡಾ ಮಾಡೀಯೇನು? ಅದಕ್ಕಿಂತಾ ಹುಬ್ಬಳ್ಳಿಗೆ ಕಳಸೋದ ಛಲೋ."

ಆಯಿ ನನ್ನನ್ನೇ ನೋಡಿದಳು. "ಅವತ್ತ ಬ್ಯಾನಿ ಶುರು ಆಗಿದ್ದು ಸ್ವಾಮಾರ್ರಿ," ಅಂದಳು.

"ಆದ್ರ?"

"ಸ್ವಾಮಾರ ಎತ್ತು ಯಾರ್ ಹೂಡ್ತಾರ್ರಿ?"

ನಮ್ಮ ಸೀಮೆಯಲ್ಲಿ ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಎಂಥ ಹದ ಬಂದಿದ್ದರೂ ಅವತ್ತು ಬಿತ್ತುವುದಿಲ್ಲ, ಗಾಡಿ ಕಟ್ಟುವುದಿಲ್ಲ. ಧಾರವಾಡದ ಪೇಟೆಯಲ್ಲಿ ಬೆಳೆದ ನನಗೂ ಇದು ಗೊತ್ತಿತ್ತು. ಮಳೆಗಾಲದ ಸೋಮವಾರ ನನ್ನನ್ನು ಯಾರೂ ಕರೆಯುವುದಿಲ್ಲ ಅನ್ನುವುದೂ ಗೊತ್ತಿತ್ತು. ಎಂಟು ವರ್ಷ ಎರಡನ್ನೂ ತಿಳಿದಿದ್ದೆ. ಒಂದಕ್ಕೊಂದು ಜೋಡಿಸಿ ನೋಡಿರಲಿಲ್ಲ.

"ಅಲ್ಲ, ಜೀವದ ಮಾತು ಬಂದಾಗೂ ಹೂಡೂದಿಲ್ಲೇನು? ಕೇಳಿದ್ರ ಇಲ್ಲಾ ಅಂತಾರೇನು?"

"ಇಲ್ಲಾ ಅನ್ನಾಂಗಿಲ್ರಿ. ಕೇಳಿದ್ರ ಹೂಡ್ತಾರ. ಮುಂದ ಎಂದರ ಒಂದಿನ ಆ ಎತ್ತು ಕುಂಟತೈತಿ, ಇಲ್ಲಾ ಮೇವು ಬಿಡತೈತಿ. ಆವಾಗ, ಆ ಸೂಲಗಿತ್ತಿ ಸಲುವಾಗಿ ಸ್ವಾಮಾರ ಹೂಡಿದ್ವಿ ಅದಕ್ಕ ಹಿಂಗಾತು ಅಂತಾರ. ಎತ್ತು ಹ್ವಾದ್ರ ಒಕ್ಕಲತನಾನ ಹೋತು. ಯಾವ ಬಾಯಿಲೆ ಕೇಳೂಣು?" ಎಲೆಯ ರಸವನ್ನು ಬಾಜು ಹೋಗಿ ಉಗುಳಿ ಬಂದಳು. "ನಾವಷ್ಟ ಅಲ್ರಿ. ಎಲ್ಲಾ ಹಳ್ಳ್ಯಾಗೂ ಹಂಗ. ಸ್ವಾಮಾರ ಬ್ಯಾನಿ ಬಂದ್ರ ಮಂಗಳಾರದ ತನಕಾ ಹಲ್ಲ ಕಡದ ಕುಂದರೂದು."

ಅಂಗಳದಲ್ಲಿ ದಲಾಲರು, "ಬಾಯಾರ, ಮುಂದಿನ ಶಾಫ್ಟ್ ಎಲ್ಲೈತ್ರಿ?" ಎಂದು ಕೂಗಿದರು. ಚಾಚಾ ಮೆಟ್ಟಿಲ ಕಡೆಗೇ ಕಿವಿಗೊಟ್ಟು ನಿಂತಿದ್ದರು.

ಮಳೆಗಾಲದ ಸೋಮವಾರಗಳನ್ನು ಕೂತಲ್ಲೇ ಎಣಿಸಿಕೊಂಡೆ. ಬೆಚ್ಚಗಿನ ನೀರು, ಸೀಗೆಕಾಯಿಯ ವಾಸನೆ, ಹಿತ್ತಲ ಕಟ್ಟೆ. ನಾನು ಕೂದಲು ಒಣಗಿಸಿಕೊಳ್ಳುವಾಗ ಎಷ್ಟು ಮನೆಗಳಲ್ಲಿ ಎಷ್ಟು ಹೆಣ್ಣುಮಕ್ಕಳು ಮಂಗಳವಾರಕ್ಕಾಗಿ ಹಲ್ಲು ಕಚ್ಚಿಕೊಂಡು ಕುಳಿತಿದ್ದರೋ! ಮಂಗಳವಾರ ಹೋದಾಗಲೆಲ್ಲ ತಡ ಮಾಡಿದಿರೆಂದು ನಾನು ಬೈದದ್ದು ಅವರನ್ನೇ. ನಾಚಿಕೆಯಾಯಿತು. ಅದರ ಬೆನ್ನಿಗೇ ಸಿಟ್ಟೂ ಬಂತು. ಯಾರ ಮೇಲೆಂದು ಗೊತ್ತಾಗದೆ ದಲಾಲರ ಮೇಲೆ ತೀರಿಸಿಕೊಂಡೆ. "ಜೀಪ್ ಮಾರೂದಿಲ್ರಿ, ನೀವು ಹೋಗ್ರಿ" ಎಂದೆ. ಅವರು ಪಾಪ, ಚಹಾ ಕೂಡ ಕುಡಿಯದೆ ಹೋದರು.

ಗಂಡ ಎರಡು ದಿನ ಮುಖ ಗಂಟಿಕ್ಕಿಕೊಂಡು ಓಡಾಡಿದರು. ಮೂರನೆಯ ದಿನ ಸಂಗತಿಯನ್ನೆಲ್ಲ ಹೇಳಿದೆ. ಕೇಳಿ ಬಹಳ ಹೊತ್ತು ಕನ್ನಡಕ ಒರೆಸಿಕೊಂಡರು. ನಾಲ್ಕು ಎತ್ತಿನ ಡ್ರೈವಿನ ನಗೆಮಾತನ್ನು ಆಮೇಲೆ ಅವರು ಯಾರ ಮುಂದೆಯೂ ಆಡಲಿಲ್ಲ.

ಇನ್ನು ಉಳಿದದ್ದು ಏನು ಮಾಡಿಸುವುದು ಅನ್ನುವ ಪ್ರಶ್ನೆ. ಮಿಸ್ತ್ರಿ ಡೀಸೆಲ್ ಬಿಡಲೊಲ್ಲ, ಚಾಚಾ ಹಗುರ ಬಿಡಲೊಲ್ಲರು. ಇಬ್ಬರೂ ಗ್ಯಾರೇಜಿನಲ್ಲಿ ನನ್ನೆದುರೇ ಜಗಳಕ್ಕೆ ನಿಂತರು. "ಎಂಜಿನ್ ಬದ್ಲಾಸಲಿಲ್ಲಂದ್ರ ಇದಕ್ಕ ಎಷ್ಟ ಮಾಡಿದ್ರೂ ವ್ಯರ್ಥ್ರಿ," ಎಂದ ಮಿಸ್ತ್ರಿ. ಚಾಚಾ ಗೋಣಿತಟ್ಟು ಬಿಚ್ಚಿ ಹಳೆಯ ಶಾಫ್ಟನ್ನು ಅವನ ಮುಂದೆ ನೆಲಕ್ಕೆ ಹಾಕಿದರು. "ಡಾಂಬರಿನ ಮ್ಯಾಲೆ ನೀ ಶಾಣ್ಯಾ. ಎರಿಯಾಗ ಬಾ, ನಾ ತೋರಸ್ತೀನಿ" ಅಂದರು. ನನಗೆ ಎಂಜಿನ್ನಿನ ಗಂಧಗಾಳಿಯಿಲ್ಲ. ಆದರೆ ಆ ಮಣ್ಣನ್ನು ಸಲಾಕೆಯಿಂದ ಕೆರೆದವರು ಯಾರು ಎಂದು ಗೊತ್ತಿತ್ತು. ಹಳೆಯ ಎಂಜಿನ್ನು ಬಿಚ್ಚಿ ರಿಪೇರಿ ಮಾಡುವುದು, ಮುಂದಿನ ಗಾಲಿಗೆ ಹೊಸ ಶಾಫ್ಟು, ನಾಲ್ಕಕ್ಕೂ ಹಲ್ಲಿನ ಟೈರು, ಮಣ್ಣು ತುಂಬಿಕೊಳ್ಳದ ಹಾಗೆ ಮಡ್‌ಗಾರ್ಡು ಅರ್ಧಕ್ಕೆ ಕತ್ತರಿಸುವುದು ಎಂದು ತೀರ್ಮಾನಿಸಿದೆ. ಮಡ್‌ಗಾರ್ಡಿನ ಮಾತು ಚಾಚಾನದು. ಮಿಸ್ತ್ರಿ ಅದಕ್ಕೆ "ಸೊಟ್ಟ ಮೂತಿ ಆಗತೈತ್ರಿ" ಎಂದು ಗೊಣಗಿದ. ಆಗಲಿ, ನಾವೇನು ಅದಕ್ಕೆ ವರ ಹುಡುಕುವುದಿತ್ತೇ?

ಜೀಪು ಬಂದ ಮೇಲೆ, ಮಳೆ ಬಿದ್ದ ಒಂದು ಬೆಳಿಗ್ಗೆ ಚಾಚಾ ನನ್ನನ್ನು ಕೂಡಿಸಿಕೊಂಡು ಬೇಕೆಂದೇ ಹೊಲದ ದಾರಿಗೆ ಇಳಿಸಿದರು. ಆರು ವರ್ಷ ಸತ್ತಂತಿದ್ದ, ಮುಂದಿನ ಗಾಲಿಗಳಿಗೆ ಶಕ್ತಿ ಕೊಡುವ ಎರಡನೆಯ ಗೇರಿನ ಕೋಲನ್ನು ಹಿಂದಕ್ಕೆ ಎಳೆದರು. ಜೀಪು ಒಮ್ಮೆ ನಡುಗಿತು, ಮುಂದಿನ ಗಾಲಿಗಳು ಮಣ್ಣು ಕಚ್ಚಿದವು. ಸಲೀಸಾಗಿ ಹೋಯಿತೆಂದು ಹೇಳಲಾರೆ. ಅಡ್ಡಡ್ಡ ಜಾರಿತು, ಎರಡು ಕಡೆ ನಿಂತಿತು, ಸಲಾಕೆಯನ್ನು ಈಗಲೂ ಇಳಿಸಬೇಕಾಯಿತು. ಆದರೆ ಹೋಯಿತು. ಚಾಚಾ ಯಮನೂರಿನ ದರ್ಗಾದ ದಿಕ್ಕಿಗೆ ತಿರುಗಿ ಹಣೆ ಮುಟ್ಟಿಕೊಂಡರು. ನಾನು ನಡು ಒತ್ತಿಕೊಂಡೆ.

ಇನ್ನು ಮುಂದೆ ಎತ್ತು ಬೇಡ, ಯಾವ ವಾರವಾದರೂ ಕರೆಯಿರಿ ಎಂದು ಬಂದವರಿಗೆಲ್ಲ ಹೇಳಿದೆ. ಔಷಧದ ಚೀಟಿ ಕೊಡುವಾಗ ಹೇಳಿದೆ, ಚಾಚಾ ಸಂತೆಯಲ್ಲಿ ಹೇಳಿದರು. ಜನ "ಹೌದ್ರಿ, ಛಲೋ ಆತ್ರಿ" ಅಂದರು. ಉತ್ತರೆಗೆ ಮೊದಲು ಬರುವ ಹುಬ್ಬಿ ಮಳೆಯ ಎರಡು ಸೋಮವಾರ ತಲೆಗೆ ಎರೆದುಕೊಳ್ಳದೆ, ಸೀರೆ ಉಟ್ಟು ತಯಾರಾಗಿ ಕುಳಿತೆ. ಯಾರೂ ಬರಲಿಲ್ಲ. ಮಂಗಳವಾರ ಬೆಳಿಗ್ಗೆ ಬಂದರು. ಬಂದವನು ರೂಢಿಯಂತೆ "ಎತ್ತು ನಿಂತಾವ್ರಿ" ಅಂದ.

ಉತ್ತರೆ ಮಳೆ ಹಿಡಿಯಿತು. ಆಯಿಯ ಮಗಳಿಗೆ ದಿನ ತುಂಬಿದ್ದವು. ಹಿಂದಿನ ಗುರುವಾರ ಹೋಗಿ ನೋಡಿ ಬಂದಿದ್ದೆ; ತಲೆ ಕೆಳಗೆ ಇಳಿದಿತ್ತು, ಇಂದೋ ನಾಳೆಯೋ ಅನ್ನುವಂತಿತ್ತು. "ಬ್ಯಾನಿ ಶುರು ಆದ ಕೂಡ್ಲೆ ಹೇಳಿ ಕಳಸು. ಸ್ವಾಮಾರ ಇದ್ರೂ" ಎಂದು ಆಯಿಗೆ ಎರಡು ಸಲ ಹೇಳಿದ್ದೆ. "ಕಳಸ್ತೀನ್ರಿ" ಎಂದಿದ್ದಳು.

ಸೋಮವಾರ ಬಂತು. ಬೆಳಗಿನಿಂದ ಮಳೆ ಹನಿಯುತ್ತಿತ್ತು. ಹತ್ತು ಗಂಟೆಯ ತನಕ ಬಾಗಿಲ ಕಡೆ ನೋಡಿದೆ. ಬರದಿರಲಿ ಎಂದೂ ಅನ್ನಿಸುತ್ತಿತ್ತು, ಯಾಕೆ ಬರಲಿಲ್ಲ ಎಂದೂ ಅನ್ನಿಸುತ್ತಿತ್ತು. ಒಲೆಯ ಮೇಲೆ ನೀರು ಕಾಯುತ್ತಿತ್ತು. ಎಣ್ಣೆಯ ಬಟ್ಟಲು ಕೈಗೆ ತೆಗೆದುಕೊಂಡೆ, ಇಟ್ಟೆ. ಮತ್ತೆ ತೆಗೆದುಕೊಂಡೆ. ಆ ಬಿಸಿನೀರನ್ನು ಬಿಟ್ಟು ಏಳುವುದು ನನಗೆ ಎಷ್ಟು ಕಷ್ಟವಾಯಿತೆಂದರೆ, ಹೇಳಿದರೆ ಯಾರೂ ನಂಬಲಾರರು. ಕಣ್ಣಲ್ಲಿ ನೀರೇ ಬಂತು. ಆಮೇಲೆ ಪೆಟ್ಟಿಗೆ ಹಿಡಿದು ಹೊರಗೆ ಬಂದೆ. ಚಾಚಾ ಜೀಪಿನಲ್ಲೇ ಕುಳಿತಿದ್ದರು.

"ಯಾರೂ ಕರಿಲಿಕ್ಕೆ ಬಂದಿಲ್ಲ ಚಾಚಾ," ಎಂದೆ.

"ಗೊತ್ತೈತ್ರಿ. ಹೋಗೂಣು ನಡೀರಿ," ಎಂದರು.

ಮೊರಬ ದಾಟಿ ಹೊಲದ ದಾರಿ ಹಿಡಿಯುವಲ್ಲಿ ಯಾವ ಎತ್ತೂ ಇರಲಿಲ್ಲ. ಚಾಚಾ ಗೇರಿನ ಕೋಲು ಎಳೆದರು. ಎರಡು ಮೈಲಿಗೆ ಒಂದೂವರೆ ತಾಸು ಹಿಡಿಯಿತು. ಅರ್ಧ ದಾರಿಯಲ್ಲಿ ನಾನೂ ಇಳಿದು ಸೀರೆ ಎತ್ತಿ ಕಟ್ಟಿ ಕೈಯಿಂದಲೇ ಗಾಲಿಯ ಮಣ್ಣು ತೆಗೆದೆ. ನೆನಪಿಗೆ ಬಂದದ್ದನ್ನೆಲ್ಲ ಬೈದೆ: ಮಳೆಯನ್ನು, ಮಿಸ್ತ್ರಿಯನ್ನು, ಗಂಡನನ್ನು, ಹೊಟ್ಟೆಯೊಳಗಿನ ಕೂಸನ್ನು. ಊರೊಳಗೆ ಹೋದಾಗ ಮನೆ ಮನೆಯ ಮುಂದೆ ಎತ್ತುಗಳು ಮೈ ತೊಳೆಸಿಕೊಂಡು, ಹಣೆಗೆ ವಿಭೂತಿ ಹಚ್ಚಿಸಿಕೊಂಡು, ಮೇವು ಮೆಲ್ಲುತ್ತ ನಿಂತಿದ್ದವು. ಜೀಪು ಅವುಗಳನ್ನು ದಾಟಿಕೊಂಡು ಹೋಯಿತು.

ಆಯಿ ಹೊಸ್ತಿಲಲ್ಲೇ ಇದ್ದಳು. ನನ್ನನ್ನು ನೋಡಿ ಎದ್ದು ನಿಂತಳು. ಒಳಗಿನಿಂದ ಮಗಳು ನರಳುವುದು ಕೇಳಿಸಿತು. ನಸುಕಿನಿಂದಲೇ ಬೇನೆಯಂತೆ. ಕೈ ತೊಳೆದು ನೋಡಿದೆ. ಇಳಿದಿದ್ದ ತಲೆ ಅಲ್ಲೇ ಸಿಕ್ಕಿಕೊಂಡಿತ್ತು, ಕೂಸಿನ ಎದೆಬಡಿತ ಆಗಲೇ ಮಂದವಾಗಿತ್ತು. ಇಕ್ಕಳ ಹಾಕಬೇಕಾಯಿತು. ಆಯಿ ಮಗಳ ಹೆಗಲು ಹಿಡಿದಳು. ಒಂದು ತಾಸಿಗೆ ಕೂಸು ಬಂತು. ಹೆಣ್ಣು. ಅಳಲಿಲ್ಲ. ನಾನು ತಲೆಕೆಳಗು ಹಿಡಿದು ಬೆನ್ನು ತಟ್ಟಿ, ಬಾಯಿಗೆ ಬಾಯಿಟ್ಟು ಊದಿ, ಮತ್ತೆ ತಟ್ಟಿ, ನನ್ನ ಕೈ ಸೋಲುವ ಹೊತ್ತಿಗೆ ಬೆಕ್ಕಿನ ಮರಿಯಂತೆ ಒಂದು ದನಿ ತೆಗೆಯಿತು. ಹೊರಗೆ ಚಾಚಾ "ಯಾ ಅಲ್ಲಾ" ಅಂದದ್ದು ಕೇಳಿಸಿತು. ಮಂಗಳವಾರದ ತನಕ ಆ ಕೂಸು ಕಾಯುತ್ತಿರಲಿಲ್ಲ.

ಎಲ್ಲ ಮುಗಿದ ಮೇಲೆ ಕಟ್ಟೆಯ ಮೇಲೆ ಕುಳಿತೆ. ಆಯಿ ಒಂದು ಕೊಡ ಬಿಸಿನೀರು ತಂದು, ನಾನು ಬೇಡ ಅಂದರೂ ಕೇಳದೆ, ನನ್ನ ಕಾಲಿನ ಮಣ್ಣು ತೊಳೆಯತೊಡಗಿದಳು. ಅಷ್ಟು ಹೊತ್ತು ತಡೆದುಕೊಂಡಿದ್ದ ಸಿಟ್ಟು ಆಗ ಹೊರಗೆ ಬಂತು.

"ನಿನಗ ಎರಡೆರಡು ಸಲಾ ಹೇಳಿದ್ದೆ. ಜೀಪಿಗೆ ಎತ್ತು ಬೇಕಾಗಿಲ್ಲ ಅಂತ ಗೊತ್ತಿತ್ತು. ಒಂದ್ ಕೂಸು ಕಳಕೊಂಡೀದಿ. ಆದ್ರೂ ಯಾಕ ಹೇಳಿ ಕಳಸಲಿಲ್ಲ?"

ಅವಳು ತಲೆ ಎತ್ತಲಿಲ್ಲ. "ಕಳಸ್ಬೇಕಂತ ಮುಂಜಾನಿಂದ ನಾಕ್ ಸಲಾ ಬಾಗಲಕ್ಕ ಬಂದೇನ್ರಿ. ಕಾಲ ಏಳಲಿಲ್ಲ."

"ಯಾಕ? ಎತ್ತಿನ ಮಾತಂತೂ ಈಗ ಇಲ್ಲಲ್ಲ."

"ಎತ್ತಿನ ಮಾತ ಬಿಡ್ರಿ." ನನ್ನ ಕಾಲ ಬೆರಳ ಸಂದಿಯ ಮಣ್ಣನ್ನು ಒಂದೊಂದಾಗಿ ತೆಗೆಯುತ್ತ ಹೇಳಿದಳು. "ಹ್ವಾದ ಗುರುವಾರ ಬಂದಾಗ ನಿಮ್ಮ ಮಾರಿ ನೋಡಿದ್ನಿ. ನಡಾ ಹಿಡ್ಕೊಂಡ ಇಳದ್ರಿ, ನಡಾ ಹಿಡ್ಕೊಂಡ ಹತ್ತಿದ್ರಿ. ಎತ್ತಿಗೆ ಸೈತ ವಾರಕ್ಕ ಒಂದಿನಾ ನೊಗಾ ಇಳಸ್ತೀವಿ. ನಿಮಗ ಯಾರ್ ಇಳಸಬೇಕ್ರಿ?"

ಸಿಟ್ಟು ಎಲ್ಲಿ ಹೋಯಿತೋ. ಒಳಗೆ ಕೂಸು ಅಳುತ್ತಿತ್ತು. ಆಯಿ ಕೊಡದಲ್ಲಿ ಉಳಿದ ಬಿಸಿನೀರನ್ನು ನಿಧಾನವಾಗಿ ನನ್ನ ಕಾಲ ಮೇಲೆ ಸುರಿದಳು, ನಾನು ಕಣ್ಣು ಮುಚ್ಚಿಕೊಂಡು ಸುರಿಸಿಕೊಂಡೆ.